ಸೂಂಗ್ ಚಿಂಗ್ ಲಿಂಗ್: ಸನ್ ಯಾತ್ ಸೆನ್ ಅವರ ಪತ್ನಿ ಎಂದಷ್ಟೇ ಹೇಳಿ ಮುಗಿಸಬಹುದೇ?

ಕರಾವಳಿ ಓದುಗಿ:

ಚೀನಾ ಕ್ರಾಂತಿಯ ಮಾತು ಬಂದಾಗಲೆಲ್ಲ ಸೂಂಗ್ ಚಿಂಗ್ ಲಿಂಗ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಚೀನಾವನ್ನು ಗಣರಾಜ್ಯವಾಗಿಸಿದ ಕ್ರಾಂತಿಯ ನಾಯಕ ಸನ್ ಯಾತ್ ಸೆನ್ ಅವರ ಪತ್ನಿ, ಸನ್ ನಂತರ ಅವರ ಪಕ್ಷವನ್ನು ಹಿಡಿದು ದೇಶ ಆಳಿದ ಸೇನಾನಿ ಚಿಯಾಂಗ್ ಕೈ ಷೇಕ್ ಅವರ ಹೆಂಡತಿಯ ಅಕ್ಕ, ಅಲ್ಲಿಗೆ ಮುಗಿಯಿತು. ಮಾವೋ ಕುರಿತು ಈ ವೇದಿಕೆಯಲ್ಲಿ ನಡೆದ ಚರ್ಚೆಯಲ್ಲಿಯೂ ಹಾಗೆಯೇ ಆಯಿತು. ನನಗೆ ಸುಮ್ಮನಿರಲಾಗಲಿಲ್ಲ, ಅದಕ್ಕೇ ಬೇರೆ ಚರ್ಚೆ ತೆರೆಯುತ್ತಿದ್ದೇನೆ.

ಲೆಕ್ಕ ನೋಡಿ. ಅವರ ಮದುವೆಯಾದದ್ದು 1915ರ ಅಕ್ಟೋಬರ್ 25ರಂದು, ಟೋಕಿಯೋದಲ್ಲಿ. ಸನ್ ತೀರಿಕೊಂಡದ್ದು 1925ರ ಮಾರ್ಚ್ 12ರಂದು, ಪೀಕಿಂಗ್‌ನಲ್ಲಿ (ಇಂದಿನ ಬೀಜಿಂಗ್), ಕ್ಯಾನ್ಸರ್‌ನಿಂದ. ಹತ್ತು ವರ್ಷವೂ ತುಂಬದ ಸಂಸಾರ. ಆಮೇಲೆ ಚಿಂಗ್ ಲಿಂಗ್ ಬದುಕಿದ್ದು 56 ವರ್ಷ. ಆ 56 ವರ್ಷಗಳಲ್ಲಿ ಎರಡು ಪಕ್ಷಗಳು, ಎರಡು ಸರ್ಕಾರಗಳು, ಸ್ವಂತ ತಂಗಿ ತಮ್ಮಂದಿರು ಎಲ್ಲರೂ ಆ ಹೆಸರನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡಿದರು. ಆಕೆ ಯಾರಿಗೂ ಸುಲಭವಾಗಿ ದಕ್ಕಲಿಲ್ಲ ಎಂಬುದೇ ನನ್ನ ವಾದ. ಗಂಡನ ಹೆಸರು ಅವರಿಗೆ ಆಭರಣವಾಗಿರಲಿಲ್ಲ. ಬೇರೆಯವರ ಜೀವ ಉಳಿಸಲು ಅದನ್ನು ಗುರಾಣಿಯಂತೆ ಹಿಡಿದರು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1893ರಲ್ಲಿ ಶಾಂಘೈನಲ್ಲಿ ಹುಟ್ಟಿದರು. ತಂದೆ ಚಾರ್ಲಿ ಸೂಂಗ್ ಹೈನಾನ್ ದ್ವೀಪದಿಂದ ಬಂದವರು, ಅಮೆರಿಕದಲ್ಲಿ ಓದಿ ಮೆಥಡಿಸ್ಟ್ ಧರ್ಮಪ್ರಚಾರಕರಾಗಿ ಮರಳಿದವರು, ಬೈಬಲ್ ಮುದ್ರಿಸಿ ಹಣ ಮಾಡಿದವರು, ಸನ್ ಅವರ ಗುಪ್ತ ಚಳವಳಿಗೆ ಹಣ ಕೊಟ್ಟವರು. ಮೂವರು ಹೆಣ್ಣುಮಕ್ಕಳನ್ನೂ ಅಮೆರಿಕಕ್ಕೆ ಓದಲು ಕಳುಹಿಸಿದರು. ಚಿಂಗ್ ಲಿಂಗ್ ಜಾರ್ಜಿಯಾ ರಾಜ್ಯದ ವೆಸ್ಲಿಯನ್ ಕಾಲೇಜಿನಲ್ಲಿದ್ದಾಗ ಚೀನಾ ಗಣರಾಜ್ಯವಾಯಿತು. ಸುದ್ದಿ ತಿಳಿದ ಕೂಡಲೇ ಕೋಣೆಯ ಗೋಡೆಯಿಂದ ಹಳೆಯ ರಾಜಮನೆತನದ ಡ್ರ್ಯಾಗನ್ ಧ್ವಜವನ್ನು ಕಿತ್ತು ತಂದೆ ಕಳುಹಿಸಿದ ಐದು ಬಣ್ಣದ ಹೊಸ ಧ್ವಜವನ್ನು ಏರಿಸಿದರು. ಅದು ಇಪ್ಪತ್ತನೇ ಶತಮಾನದ ಅತಿ ದೊಡ್ಡ ಘಟನೆ ಎಂದು 1912ರ ಏಪ್ರಿಲ್‌ನಲ್ಲಿ ಕಾಲೇಜಿನ ಪತ್ರಿಕೆಗೆ ಲೇಖನ ಬರೆದರು. ಸನ್ ಅವರನ್ನು ಮದುವೆಯಾಗುವುದಕ್ಕೆ ಮೂರು ವರ್ಷ ಮೊದಲಿನ ಮಾತು ಇದು.

ನಿವೃತ್ತ ಉಪನ್ಯಾಸಕ:

ಅಭಿಮಾನ ಅರ್ಥವಾಗುತ್ತದೆ ಮೇಡಂ, ಆದರೆ ಇತಿಹಾಸದ ಕಡೆಯಿಂದ ನೋಡೋಣ. ಅವರ ಕೈಯಲ್ಲಿ ಸೈನ್ಯವಿರಲಿಲ್ಲ, ಪಕ್ಷವಿರಲಿಲ್ಲ, ಭೂಪ್ರದೇಶವಿರಲಿಲ್ಲ. 1920ರ ದಶಕದ ಚೀನಾದಲ್ಲಿ ಈ ಮೂರರಲ್ಲಿ ಒಂದಾದರೂ ಇಲ್ಲದವರನ್ನು ರಾಜಕೀಯ ನಾಯಕರೆಂದು ಕರೆಯುವುದು ಕಷ್ಟ. ಸನ್ ಅವರ ವಿಧವೆಯಲ್ಲದಿದ್ದರೆ 1926ರಲ್ಲಿ ಸನ್ ಕಟ್ಟಿದ ಕುಮಿಂಟಾಂಗ್ ಪಕ್ಷದ ಕೇಂದ್ರ ಕಾರ್ಯಕಾರಿ ಸಮಿತಿಗೆ ಆರಿಸುತ್ತಿದ್ದರೇ? ಅವರು ಸಂಕೇತ. ಪ್ರಬಲವಾದ ಸಂಕೇತ ಎನ್ನಿ, ಒಪ್ಪುತ್ತೇನೆ.

ಇನ್ನೊಂದು ಮಾತು. ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಅವರ ಜೊತೆ ಮಾತನಾಡುವಾಗ ಆಕೆಯೇ ಹೇಳಿಕೊಂಡಿದ್ದಾರೆ, ತನ್ನದು ಪ್ರೇಮವಲ್ಲ, ದೂರದಿಂದ ಹುಟ್ಟಿದ ವೀರಾರಾಧನೆ ಎಂದು. ಸನ್ ಅವರಿಗಿಂತ 26 ವರ್ಷ ಚಿಕ್ಕವರು. ಮೊದಲು ಅಕ್ಕ ಐ ಲಿಂಗ್ ಮಾಡುತ್ತಿದ್ದ ಇಂಗ್ಲಿಷ್ ಕಾರ್ಯದರ್ಶಿಯ ಕೆಲಸಕ್ಕೆ ಬಂದವರು. ಮನೆಯವರ ವಿರೋಧ ಕಟ್ಟಿಕೊಂಡು, ಮನೆಬಿಟ್ಟು ಹೋಗಿ ಮದುವೆಯಾದವರು. ಇದು ಧೈರ್ಯ, ನಿಜ. ಆದರೆ ರಾಜಕೀಯವಲ್ಲ.

ಕರಾವಳಿ ಓದುಗಿ:

ಮೇಷ್ಟ್ರೇ, ವೀರಾರಾಧನೆಯಿಂದ ಶುರುವಾದದ್ದು ಎಲ್ಲಿಗೆ ಬಂತು ಎಂದು ತಿಳಿಯಬೇಕಾದರೆ 1922ರ ಜೂನ್ 16ರ ರಾತ್ರಿಯನ್ನು ನೋಡಬೇಕು. ಅದನ್ನು ಅವರೇ ಬರೆದಿಟ್ಟಿದ್ದಾರೆ.

ದಕ್ಷಿಣ ಚೀನಾದ ಕ್ಯಾಂಟನ್ ನಗರದಲ್ಲಿ ಸನ್ ಅವರ ಸರ್ಕಾರವಿತ್ತು. ಅವರದೇ ಸೇನಾನಿ ಚೆನ್ ಚಿಯುಂಗ್ ಮಿಂಗ್ ತಿರುಗಿಬಿದ್ದ. ನಡುರಾತ್ರಿ ಕಳೆದ ಮೇಲೆ ಸುದ್ದಿ ಬಂತು, ಶತ್ರು ಸೈನ್ಯ ಮನೆಯ ಕಡೆಗೆ ಬರುತ್ತಿದೆ ಎಂದು. ಸನ್ ಹೆಂಡತಿಯನ್ನೂ ಎಬ್ಬಿಸಿ ಜೊತೆಗೆ ಹೊರಡಲು ಹೇಳಿದರು. ಆಕೆ ಒಪ್ಪಲಿಲ್ಲ. ಹೆಂಗಸೊಬ್ಬಳು ಜೊತೆಗಿದ್ದರೆ ಬೇಗ ಗುರುತು ಸಿಗುತ್ತದೆ, ನಾನಿಲ್ಲದೆ ಚೀನಾ ನಡೆಯುತ್ತದೆ, ನೀವಿಲ್ಲದೆ ನಡೆಯುವುದಿಲ್ಲ ಎಂದು ವಾದಿಸಿ ಗಂಡನನ್ನು ಮೊದಲು ಕಳುಹಿಸಿದರು. ಆಗ ಆಕೆ ಗರ್ಭಿಣಿ.

ಮನೆ ಗುಡ್ಡದ ಮೇಲಿತ್ತು. ಅಲ್ಲಿಂದ ಅಧ್ಯಕ್ಷರ ಕಚೇರಿಗೆ ಮೇಲಿನಿಂದಲೇ ಹೋಗುವ ಸೇತುವೆಯಂಥ ದಾರಿ. ಬೆಳಗಾಗುವ ಹೊತ್ತಿಗೆ ಗುಂಡಿನ ಮಳೆ. ಆ ಸೇತುವೆಯ ಮೇಲೆ ತೆವಳುತ್ತಾ ದಾಟಿದರು. ಹೊರಗೆ ಬಂದಾಗ ತಲೆಗೆ ಸನ್ ಅವರ ಟೋಪಿ, ಮೈಮೇಲೆ ಅವರ ಮಳೆ ಅಂಗಿ. ಬೀದಿಯಲ್ಲಿ ಲೂಟಿಯ ಗದ್ದಲ. ಒಂದು ಸೂರಿನ ಕೆಳಗೆ ಇಬ್ಬರು ಎದುರುಬದುರಾಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದರಂತೆ. ಹತ್ತಿರ ಹೋಗಿ ನೋಡಿದರೆ ಇಬ್ಬರದೂ ಕಣ್ಣು ತೆರೆದೇ ಇದೆ, ಇಬ್ಬರೂ ಸತ್ತಿದ್ದಾರೆ. ದಾರಿ ತಪ್ಪಿ ಬಂದ ಗುಂಡು ತಗುಲಿರಬೇಕು ಎಂದು ಬರೆಯುತ್ತಾರೆ. ಎದುರಿಗೆ ಸೈನಿಕರ ಗುಂಪು ಕಂಡಾಗ ಜೊತೆಗಿದ್ದವರು ನೆಲಕ್ಕೆ ಬಿದ್ದು ಹೆಣದಂತೆ ಮಲಗಲು ಪಿಸುಗುಟ್ಟಿದರು. ಅಕ್ಕಪಕ್ಕದ ಹೆಣಗಳನ್ನು ನೋಡಬೇಡಿ, ಮೂರ್ಛೆ ಹೋಗುತ್ತೀರಿ ಎಂದೂ ಎಚ್ಚರಿಸಿದರು. ಮಾರನೆಯ ದಿನ ಹಳ್ಳಿಯ ಮುದುಕಿಯ ವೇಷ, ಜೊತೆಗಿದ್ದ ಕಾವಲುಗಾರನದು ತಿರುಗುವ ವ್ಯಾಪಾರಿಯ ವೇಷ. ದಾರಿಯಲ್ಲಿ ಸಿಕ್ಕ ಬುಟ್ಟಿಯನ್ನೂ ತರಕಾರಿಯನ್ನೂ ಕೈಗೆತ್ತಿಕೊಂಡು ನಡೆದರು. ಕೊನೆಗೆ ನದಿಯಲ್ಲಿ ನಿಂತಿದ್ದ ಯುದ್ಧನೌಕೆಯಲ್ಲಿ ಗಂಡನ ಮುಖ ಕಂಡರು. ಮಗು ಉಳಿಯಲಿಲ್ಲ. ಮತ್ತೆ ಅವರಿಗೆ ಮಕ್ಕಳಾಗಲಿಲ್ಲ.

ಈ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಧಾಟಿ. ಎಲ್ಲಿಯೂ ಗೋಳಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಆ ತಿಂಗಳೇ ಶಾಂಘೈ ಪತ್ರಿಕೆಗೆ ಕೊಟ್ಟರು. ಸನ್ ಸೋತು ಓಡಿದರು ಎಂದು ಜನ ಮಾತನಾಡುತ್ತಿದ್ದ ಹೊತ್ತಿನಲ್ಲಿ, ದ್ರೋಹ ಮಾಡಿದವರು ಯಾರು ಎಂದು ಊರಿಗೆಲ್ಲ ತಿಳಿಸಿದ ಬರಹ ಅದು. ಇದು ರಾಜಕೀಯವಲ್ಲದೆ ಮತ್ತೇನು?

ಬಯಲುಸೀಮೆ:

ನನಗೆ 1922ಕ್ಕಿಂತ 1927 ದೊಡ್ಡದು.

1927ರ ಏಪ್ರಿಲ್ 12ರಂದು ಚಿಯಾಂಗ್ ಶಾಂಘೈನಲ್ಲಿ ಕಮ್ಯುನಿಸ್ಟರನ್ನು, ಕಾರ್ಮಿಕ ಸಂಘದವರನ್ನು ಕೊಲ್ಲಿಸಿದ. ಆಗ ಚಿಂಗ್ ಲಿಂಗ್ ವುಹಾನ್‌ನಲ್ಲಿ, ಕುಮಿಂಟಾಂಗ್‌ನ ಎಡಪಂಥೀಯರ ಸರ್ಕಾರದಲ್ಲಿದ್ದರು. ಹೆಣ್ಣುಮಕ್ಕಳಿಗೆ ರಾಜಕೀಯ ತರಬೇತಿ ಕೊಡುವ ಶಾಲೆಯನ್ನೂ ಅಲ್ಲಿ ನಡೆಸುತ್ತಿದ್ದರು. ಜುಲೈ ಹೊತ್ತಿಗೆ ವುಹಾನ್ ನಾಯಕರೂ ಕಮ್ಯುನಿಸ್ಟರನ್ನು ಹೊರಹಾಕಲು ತಯಾರಾದರು. ಜುಲೈ 14ರಂದು ಆಕೆ ಒಂದು ಹೇಳಿಕೆ ಬರೆದರು. ವಯಸ್ಸು 34. ಪಕ್ಷ ಸನ್ ಅವರ ದಾರಿಯನ್ನು ಬಿಟ್ಟಿದೆ, ರೈತರನ್ನೂ ಕಾರ್ಮಿಕರನ್ನೂ ಕೈಬಿಟ್ಟ ಮೇಲೆ ಇದು ಕ್ರಾಂತಿಕಾರಿ ಪಕ್ಷವೇ ಅಲ್ಲ, ಇಂಥ ನೀತಿಯಲ್ಲಿ ನಾನು ಪಾಲುದಾರಳಾಗಲಾರೆ ಎಂಬುದು ಅದರ ಸಾರ.

ಆ ಹೇಳಿಕೆಯ ನಡುವೆ ಒಂದು ಭಾಗವಿದೆ. ಸನ್ ಬಡ ರೈತನ ಮಗ, ಹದಿನೈದು ವರ್ಷ ತುಂಬುವವರೆಗೆ ಕಾಲಿಗೆ ಚಪ್ಪಲಿಯೂ ಇರಲಿಲ್ಲ, ಇದ್ದದ್ದು ಬರಿಗಾಲಿನಲ್ಲಿ ನಡೆಯುವುದು ಕಷ್ಟವಾದ ಗುಡ್ಡಗಾಡಿನಲ್ಲಿ. ಅಕ್ಕಿ ದುಬಾರಿಯಾದ್ದರಿಂದ ಗೆಣಸು ತಿಂದು ಬೆಳೆದರು. ಚೀನಾದ ರೈತನ ಬದುಕು ಹೀಗೆಯೇ ಇರಬಾರದು, ಇಲ್ಲಿಯ ಮಕ್ಕಳ ಕಾಲಿಗೆ ಚಪ್ಪಲಿ ಬೇಕು, ತಿನ್ನಲು ಅನ್ನ ಬೇಕು ಎಂದು ಅವರು ಕ್ರಾಂತಿಗೆ ಇಳಿದದ್ದು ಆಗಲೇ ಎಂದು ಬರೆಯುತ್ತಾರೆ. ದೊಡ್ಡ ಸಿದ್ಧಾಂತದ ಮಾತುಗಳ ನಡುವೆ ಈ ಗೆಣಸು ಮತ್ತು ಚಪ್ಪಲಿ. ಸನ್ ಹೆಸರನ್ನು ಜಪಿಸುತ್ತಲೇ ರೈತರ ಮೇಲೆ ಗುಂಡು ಹಾರಿಸುತ್ತಿದ್ದ ಸೇನಾನಿಗಳಿಗೆ ಇದಕ್ಕಿಂತ ಚುಚ್ಚುವ ಉತ್ತರ ಇರಲಾರದು.

ಆಮೇಲೆ ಆಗಸ್ಟ್‌ನಲ್ಲಿ ಮಾಸ್ಕೋಗೆ ಹೊರಟರು. ವಿದೇಶಾಂಗ ಸಚಿವರಾಗಿದ್ದ ಯೂಜೀನ್ ಚೆನ್ ಜೊತೆಯಲ್ಲಿದ್ದರು ಎಂಬ ಕಾರಣಕ್ಕೆ ಅಮೆರಿಕದ ಪತ್ರಿಕೆಗಳು ಇಬ್ಬರಿಗೂ ಮದುವೆ ಎಂದು ಸುಳ್ಳು ಸುದ್ದಿ ಹಾಕಿದವು. ಆಕೆ ಹಾಸಿಗೆ ಹಿಡಿಯುವಷ್ಟು ನೊಂದರು. ರಾಜಕೀಯದಲ್ಲಿರುವ ಹೆಂಗಸಿಗೆ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಬೀಳುವ ಮೊದಲ ಏಟು ಇದೇ. ಅದೇ ವರ್ಷದ ಡಿಸೆಂಬರ್ 1ರಂದು ತಂಗಿ ಮೇ ಲಿಂಗ್ ಶಾಂಘೈನಲ್ಲಿ ಚಿಯಾಂಗ್‌ನನ್ನು ಮದುವೆಯಾದರು.

ನಿವೃತ್ತ ಉಪನ್ಯಾಸಕ:

ಜುಲೈ 14ರ ಹೇಳಿಕೆಯ ತೂಕವನ್ನು ಒಪ್ಪುತ್ತೇನೆ. ಆದರೆ ಫಲ? ವುಹಾನ್ ಸರ್ಕಾರ ಉಳಿಯಲಿಲ್ಲ. ಹೇಳಿಕೆ ಕೊಟ್ಟು ದೇಶಬಿಟ್ಟರು. ಎರಡು ವರ್ಷಗಳಲ್ಲಿ ಹೆಚ್ಚಿನ ಕಾಲ ಬರ್ಲಿನ್‌ನಲ್ಲಿ. ಅದೇ ಸಮಯದಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ ಜಿಂಗಾಂಗ್ ಬೆಟ್ಟದಲ್ಲಿ ಗೆರಿಲ್ಲಾ ಪಡೆ ಕಟ್ಟುತ್ತಿದ್ದರು ಎಂಬುದನ್ನೂ ನೆನಪಿಡಿ.

ಬಯಲುಸೀಮೆ:

ಸರ್, ಬೆಟ್ಟ ಹತ್ತಿದವರು ಮಾತ್ರ ನಾಯಕರೇ?

1929ರಲ್ಲಿ ಸನ್ ಅವರ ದೇಹವನ್ನು ಪೀಕಿಂಗ್‌ನಿಂದ ಚಿಯಾಂಗ್‌ನ ರಾಜಧಾನಿ ನಾನ್‌ಜಿಂಗ್‌ಗೆ ತಂದು ಬೆಟ್ಟದ ಮೇಲೆ ಕಟ್ಟಿದ ಭವ್ಯ ಸಮಾಧಿಯಲ್ಲಿ ಇಡುವ ಕಾರ್ಯಕ್ರಮವಿತ್ತು. ಚಿಯಾಂಗ್ ಸರ್ಕಾರಕ್ಕೆ ಅದು ಸನ್ ಅವರ ವಾರಸುದಾರಿಕೆಯ ಮುದ್ರೆ. ವಿಧವೆ ಪಕ್ಕದಲ್ಲಿ ನಿಲ್ಲಬೇಕು. ಆಕೆ ಬಂದರು, ಆದರೆ ಬರುವ ಮೊದಲೇ ಮೇ ತಿಂಗಳಲ್ಲಿ ಹೇಳಿಕೆ ಕೊಟ್ಟರು: ನಾನು ಅಂತ್ಯಸಂಸ್ಕಾರಕ್ಕೆ ಬರುತ್ತಿದ್ದೇನೆ, ಇದನ್ನು ಈ ಸರ್ಕಾರಕ್ಕೆ ಕೊಟ್ಟ ಬೆಂಬಲವೆಂದು ಯಾರೂ ತಿಳಿಯಬಾರದು. ಜೂನ್ 1ರಂದು ಸಮಾಧಿ ಕಾರ್ಯ ಮುಗಿಯಿತು. ಆಗಸ್ಟ್‌ನಲ್ಲಿ ಬರ್ಲಿನ್‌ನ ಸಾಮ್ರಾಜ್ಯಶಾಹಿ ವಿರೋಧಿ ಸಂಘಕ್ಕೆ ತಂತಿ ಕಳುಹಿಸಿ ನಾನ್‌ಜಿಂಗ್ ಸರ್ಕಾರವನ್ನು ನೇರವಾಗಿ ಖಂಡಿಸಿದರು. ಸನ್ ಅವರ ಹಳೆಯ ಕಾರ್ಯದರ್ಶಿ ತಾಯ್ ಚೀ ತಾವ್ ಮನೆಗೆ ಬಂದು ನಯವಾಗಿ ಬುದ್ಧಿ ಹೇಳಲು ನೋಡಿದರು. ನನ್ನ ಬಾಯಿ ಮುಚ್ಚಿಸಬೇಕಾದರೆ ಗುಂಡಿಕ್ಕಿ ಅಥವಾ ಜೈಲಿಗೆ ಹಾಕಿ, ಬೇರೆ ದಾರಿಯಿಲ್ಲ ಎಂದು ಆತನ ಮುಖಕ್ಕೇ ಹೇಳಿದರು. ಆ ಮಾತುಕತೆಯನ್ನು ಬರೆದು ಪ್ರಕಟಿಸಿದರು ಕೂಡ.

ಕರಾವಳಿ ಓದುಗಿ:

ಅದಕ್ಕೇ ನಾನು ಗುರಾಣಿ ಎಂದದ್ದು. ಗುಂಡಿಕ್ಕುವುದು ಚಿಯಾಂಗ್‌ನಿಂದ ಆಗುತ್ತಿರಲಿಲ್ಲ. ಸನ್ ವಿಧವೆಯನ್ನು ಕೊಂದರೆ ತನ್ನ ಗದ್ದುಗೆಯ ಕಾಲನ್ನೇ ಕಡಿದುಕೊಂಡಂತೆ. ಈ ಲೆಕ್ಕ ಆಕೆಗೆ ಚೆನ್ನಾಗಿ ಗೊತ್ತಿತ್ತು. ತನಗೆ ಸಿಕ್ಕ ಆ ಅಭಯವನ್ನು ಅದು ಇಲ್ಲದವರಿಗೆ ಹಂಚಲು ನೋಡಿದರು. ಎಲ್ಲ ಸಲವೂ ಗೆಲ್ಲಲಿಲ್ಲ.

ಡೆಂಗ್ ಯೆನ್ ದಾ ಅವರ ಸಂಗತಿ ನೋಡಿ. ಕುಮಿಂಟಾಂಗ್ ಎಡಪಂಥೀಯ, ಮಾಸ್ಕೋ ಮತ್ತು ಬರ್ಲಿನ್ ದಿನಗಳ ಒಡನಾಡಿ, ಕಮ್ಯುನಿಸ್ಟರೂ ಅಲ್ಲದ ಚಿಯಾಂಗ್ ಕಡೆಯೂ ಅಲ್ಲದ ಮೂರನೇ ಪಕ್ಷ ಕಟ್ಟಿದವರು. 1931ರ ನವೆಂಬರ್ 29ರಂದು ಚಿಯಾಂಗ್ ಅವರನ್ನು ಗುಟ್ಟಾಗಿ ಕೊಲ್ಲಿಸಿದ. ಡಿಸೆಂಬರ್‌ನಲ್ಲಿ ಆಕೆ ಬರೆದ ಹೇಳಿಕೆಯಲ್ಲಿ ದಾಕ್ಷಿಣ್ಯದ ಒಂದು ಎಳೆಯೂ ಉಳಿದಿರಲಿಲ್ಲ. ಕುಮಿಂಟಾಂಗ್ ಇನ್ನು ರಾಜಕೀಯ ಶಕ್ತಿಯಾಗಿ ಉಳಿದಿಲ್ಲ ಎಂದೇ ಅದರ ಆರಂಭ.

ಅದೇ ತಿಂಗಳಿನ ಇನ್ನೊಂದು ವಿಷಯ ಚಿಯಾಂಗ್‌ನ ದಿನಚರಿಯಲ್ಲಿಯೇ ಇದೆ. ಶಾಂಘೈನಲ್ಲಿ ಕಾಮಿಂಟರ್ನ್, ಅಂದರೆ ಮಾಸ್ಕೋದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆಯ ಕೆಲಸದಲ್ಲಿದ್ದ ನೂಲೆನ್ಸ್ ದಂಪತಿ ಬಂಧನದಲ್ಲಿದ್ದರು. ಅವರನ್ನು ಬಿಟ್ಟರೆ ಸೋವಿಯತ್ ರಷ್ಯಾದಲ್ಲಿದ್ದ ನಿನ್ನ ಮಗ ಚಿಂಗ್ ಕುವೋ ಮರಳಿ ಬರಬಹುದು ಎಂಬ ಪ್ರಸ್ತಾಪವನ್ನು ಚಿಂಗ್ ಲಿಂಗ್ ತಂದರು. ಚಿಯಾಂಗ್ ಒಪ್ಪಲಿಲ್ಲ, ಮಗ ಹೋದರೂ ಸರಿ ಎಂದು ಬರೆದುಕೊಂಡ. ಬರೀ ಸಂಕೇತವಾಗಿದ್ದವರು ಇಂಥ ಮಾತುಕತೆಯ ಮಧ್ಯೆ ನಿಲ್ಲುವುದಿಲ್ಲ ಮೇಷ್ಟ್ರೇ.

1932ರ ಡಿಸೆಂಬರ್‌ನಲ್ಲಿ ತ್ಸಾಯ್ ಯುವಾನ್ ಪೇ, ಯಾಂಗ್ ಷಿಂಗ್ ಫೋ ಮುಂತಾದವರ ಜೊತೆ ಸೇರಿ ನಾಗರಿಕ ಹಕ್ಕುಗಳ ರಕ್ಷಣಾ ಸಂಘ ಕಟ್ಟಿದರು. ಲೇಖಕ ಲೂ ಷುನ್ ಕೂಡ ಅದರಲ್ಲಿದ್ದರು. ರಾಜಕೀಯ ಕೈದಿಗಳ ಬಿಡುಗಡೆ, ಚಿತ್ರಹಿಂಸೆಯ ವಿರುದ್ಧ ಹೋರಾಟ, ಜೈಲುಗಳಿಗೆ ಭೇಟಿ. ಆರು ತಿಂಗಳು ನಡೆಯಿತು. 1933ರ ಜೂನ್ 18ರ ಬೆಳಿಗ್ಗೆ ಯಾಂಗ್ ತಮ್ಮ ಮಗನನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟಿದ್ದರು. ಫ್ರೆಂಚ್ ವಸಾಹತು ಪ್ರದೇಶದಲ್ಲಿ, ಅವರು ಕೆಲಸ ಮಾಡುತ್ತಿದ್ದ ವಿಜ್ಞಾನ ಸಂಸ್ಥೆಯ ಗೇಟಿನ ಬಳಿಯೇ, ಗುಪ್ತ ಪೊಲೀಸರು ಗುಂಡು ಹಾರಿಸಿದರು. ಯಾಂಗ್ ಮಗನ ಮೇಲೆ ಬಿದ್ದು ಅವನನ್ನು ಮುಚ್ಚಿಕೊಂಡರು. ಹುಡುಗ ಉಳಿದ, ತಂದೆ ಉಳಿಯಲಿಲ್ಲ. ಗುರಿ ನಿಜವಾಗಿ ಚಿಂಗ್ ಲಿಂಗ್ ಅವರದು, ಆಕೆಯನ್ನು ಮುಟ್ಟಲಾಗದೆ ಪಕ್ಕದವರನ್ನು ಹೊಡೆದರು ಎಂದು ಶಾಂಘೈ ಎಲ್ಲ ಅರಿತಿತ್ತು. ಅಂತಿಮ ದರ್ಶನಕ್ಕೆ ಹೊರಟಾಗ ಲೂ ಷುನ್ ಮನೆಯ ಬೀಗದಕೈಯನ್ನು ತೆಗೆದುಕೊಂಡು ಹೋಗಲಿಲ್ಲ ಎಂಬ ಮಾತು ಚೀನಾದಲ್ಲಿ ಎಲ್ಲರಿಗೂ ಗೊತ್ತು, ಮರಳಿ ಬರುವ ನಂಬಿಕೆ ಅವರಿಗಿರಲಿಲ್ಲ. ಚಿಂಗ್ ಲಿಂಗ್ ಅಂದೂ ಹೇಳಿಕೆ ಕೊಟ್ಟರು, ನಾವು ಹೆದರಿಲ್ಲ ಎಂದು.

ಹಂಪನಕಟ್ಟೆ:

ನಮ್ಮ ಕಡೆಯ ಒಂದು ಕೊಂಡಿಯನ್ನು ಇಲ್ಲಿ ಸೇರಿಸುತ್ತೇನೆ. ಬಯಲುಸೀಮೆಯವರು ಹೇಳಿದ ಬರ್ಲಿನ್‌ನ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಹುಟ್ಟಿದ್ದು 1927ರ ಫೆಬ್ರವರಿಯಲ್ಲಿ ಬ್ರಸೆಲ್ಸ್ ಸಮ್ಮೇಳನದಲ್ಲಿ. ಕಾಂಗ್ರೆಸ್ ಪ್ರತಿನಿಧಿಯಾಗಿ ಜವಾಹರಲಾಲ್ ನೆಹರೂ ಅಲ್ಲಿದ್ದರು. ಗೌರವ ಅಧ್ಯಕ್ಷರ ಸಾಲಿನಲ್ಲಿ ಐನ್‌ಸ್ಟೈನ್ ಜೊತೆಗೆ ಚಿಂಗ್ ಲಿಂಗ್ ಅವರ ಹೆಸರೂ ಇತ್ತು. ಬರ್ಲಿನ್ ಕಚೇರಿಯನ್ನು ನಡೆಸಿದವರಲ್ಲಿ ಮುಖ್ಯರು ವೀರೇಂದ್ರನಾಥ ಚಟ್ಟೋಪಾಧ್ಯಾಯ. ಅವರು ಸರೋಜಿನಿ ನಾಯ್ಡು ಅವರ ತಮ್ಮ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಗಂಡನ ಅಣ್ಣ, ಅಂದರೆ ಭಾವ. ವೀರೇಂದ್ರನಾಥರ ಜೊತೆ ಕೆಲವು ವರ್ಷ ಬಾಳಿದ್ದ ಅಮೆರಿಕದ ಲೇಖಕಿ ಆಗ್ನೆಸ್ ಸ್ಮೆಡ್ಲಿ ಮುಂದೆ ಶಾಂಘೈಗೆ ಹೋಗಿ ಚಿಂಗ್ ಲಿಂಗ್ ಅವರ ಬಳಗ ಸೇರಿದರು, ನಾಗರಿಕ ಹಕ್ಕುಗಳ ಸಂಘದಲ್ಲಿಯೂ ಇದ್ದರು. ಮಂಗಳೂರಿನ ಸಾರಸ್ವತ ಮನೆಯ ಹೆಣ್ಣುಮಗಳ ಅತ್ತೆಮನೆಯ ನಂಟು ಶಾಂಘೈವರೆಗೆ ಹೋಗುತ್ತದೆ. ಸ್ವಾತಂತ್ರ್ಯ ಚಳವಳಿಗಳು ಒಂದರೊಳಗೊಂದು ಹೇಗೆ ಹೆಣೆದುಕೊಂಡಿದ್ದವು ಎಂಬುದನ್ನು ನಾವು ಶಾಲೆಯಲ್ಲಿ ಓದಲೇ ಇಲ್ಲ.

ಭೀಮಾತೀರ:

ಹಾಗಾದರೆ ನಮ್ಮ ಸೊಲ್ಲಾಪುರವನ್ನು ಬಿಡಬೇಡಿ. ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅಲ್ಲಿಯವರು. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಊರು ಅದು.

1937ರ ಕೊನೆಯಲ್ಲಿ, ಜಪಾನ್ ಚೀನಾದ ಮೇಲೆ ದಾಳಿ ಮಾಡಿದ್ದಾಗ, ಕಮ್ಯುನಿಸ್ಟ್ ಸೇನೆಯ ದಂಡನಾಯಕ ಚೂ ತೆ ನೆಹರೂಗೆ ಪತ್ರ ಬರೆದು ವೈದ್ಯಕೀಯ ನೆರವು ಕೇಳಿದ್ದರು. ಕಾಂಗ್ರೆಸ್ ಹಣ ಕೂಡಿಸಿ ಐವರು ವೈದ್ಯರನ್ನು ಕಳುಹಿಸಿತು: ಅಟಲ್, ಚೋಳ್ಕರ್, ಕೋಟ್ನಿಸ್, ಬಸು, ಮುಖರ್ಜಿ. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹತ್ತಿ, ಅದೇ ತಿಂಗಳು ಕ್ಯಾಂಟನ್‌ನಲ್ಲಿ ಇಳಿದಾಗ ಎದುರುಗೊಂಡವರಲ್ಲಿ ಚಿಂಗ್ ಲಿಂಗ್ ಇದ್ದರು. ಅದೇ ವರ್ಷ ಜೂನ್‌ನಲ್ಲಿ ಅವರು ಹಾಂಗ್‌ಕಾಂಗ್‌ನಲ್ಲಿ ಚೀನಾ ರಕ್ಷಣಾ ಸಂಘ ಸ್ಥಾಪಿಸಿದ್ದರು. ಜಪಾನ್ ದಾಳಿಗೆ ಸಿಕ್ಕ ಪ್ರದೇಶಗಳಿಗೆ ಔಷಧ, ಹೊದಿಕೆ, ಶಸ್ತ್ರಚಿಕಿತ್ಸೆಯ ಸಲಕರಣೆ ಕಳುಹಿಸುವುದು ಕೆಲಸ. ಚಿಯಾಂಗ್ ಸರ್ಕಾರ ನೆರವು ತಲುಪಿಸದ ಕಡೆಗೆ, ಅಂದರೆ ಕಮ್ಯುನಿಸ್ಟರ ಗೆರಿಲ್ಲಾ ಪ್ರದೇಶಗಳಿಗೆ ಕಳುಹಿಸುವುದೇ ಮುಖ್ಯ. ಕೆನಡಾದ ಡಾಕ್ಟರ್ ಬೆಥೂನ್ ತೀರಿಕೊಂಡ ಮೇಲೆ ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ಮುಖ್ಯಸ್ಥರಾದರು. ಆ ಆಸ್ಪತ್ರೆಗಳಿಗೆ ಹೊರಗಿನಿಂದ ಹಣ, ಔಷಧ ಸೇರಿಸುತ್ತಿದ್ದದ್ದು ಇದೇ ಸಂಘ. 1942ರ ಡಿಸೆಂಬರ್ 9ರಂದು ಕೋಟ್ನಿಸ್ ಹೆಬೇ ಪ್ರಾಂತದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ 32 ವರ್ಷ. ಈ ಕಾಲಕ್ಕಿಂತ ಮುಂದಿನ ಕಾಲ ಅವರನ್ನು ಹೆಚ್ಚು ಗೌರವಿಸುತ್ತದೆ, ಏಕೆಂದರೆ ಅವರು ಹೋರಾಡಿದ್ದು ಮುಂದಿನ ಕಾಲಕ್ಕಾಗಿ ಎಂಬ ಅರ್ಥದ ಮಾತನ್ನು ಚಿಂಗ್ ಲಿಂಗ್ ಬರೆದರು.

ನಿವೃತ್ತ ಉಪನ್ಯಾಸಕ:

ಹಾಂಗ್‌ಕಾಂಗ್ ಸಂಘದ ವಿಷಯದಲ್ಲಿ ನಾನೂ ಒಂದು ಮಾತು ಸೇರಿಸಬೇಕು, ಓದುಗಿ ಮೇಡಂ ಅವರ ವಾದಕ್ಕೆ ಇದು ಅನುಕೂಲವೇ ಆಗುತ್ತದೆ. ಸಂಘದ ಮೊದಲ ಅಧ್ಯಕ್ಷರಾಗಿ ಕೂರಿಸಿದ್ದು ಅವರ ತಮ್ಮ ಟಿ.ವಿ. ಸೂಂಗ್ ಅವರನ್ನು, ಚಿಯಾಂಗ್ ಸರ್ಕಾರದ ಹಣಕಾಸು ಸಚಿವರಾಗಿದ್ದವರು. 1941ರ ಜನವರಿಯಲ್ಲಿ ಚಿಯಾಂಗ್ ಪಡೆ ಕಮ್ಯುನಿಸ್ಟರ ಹೊಸ ನಾಲ್ಕನೇ ಸೇನೆಯ ಮೇಲೆ ದಾಳಿ ಮಾಡಿದಾಗ ಅಕ್ಕ ಬಹಿರಂಗವಾಗಿ ಖಂಡಿಸಿದರು, ತಮ್ಮ ಅದೇ ವರ್ಷ ಸಂಘದಿಂದ ಹೊರಬಂದರು. ಅದಕ್ಕೆ ಒಂದು ವರ್ಷ ಮೊದಲು, 1940ರಲ್ಲಿ, ಮೂವರು ಅಕ್ಕತಂಗಿಯರು ಒಟ್ಟಿಗೆ ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್‌ಗೆ ಹೋಗಿ ಬಾಂಬ್ ಬಿದ್ದ ಬೀದಿಗಳಲ್ಲಿ ಓಡಾಡಿದ್ದರು. ಜಪಾನ್ ಎದುರಿಗಿರುವಾಗ ಮನೆಯ ಜಗಳವನ್ನು ಬದಿಗಿಟ್ಟರು, ನಿಲುವನ್ನು ಮಾತ್ರ ಬಿಡಲಿಲ್ಲ. ಇದು ರಾಜಕೀಯ ಪ್ರೌಢಿಮೆ, ನಿಸ್ಸಂದೇಹ.

ಒಬ್ಬಳು ಹಣವನ್ನು ಪ್ರೀತಿಸಿದಳು, ಒಬ್ಬಳು ಅಧಿಕಾರವನ್ನು, ಒಬ್ಬಳು ದೇಶವನ್ನು ಎಂಬ ನಾಣ್ಣುಡಿಯನ್ನು ಮಾತ್ರ ದಯವಿಟ್ಟು ಯಾರೂ ಇಲ್ಲಿ ತರಬೇಡಿ. ಯುದ್ಧಕಾಲದಲ್ಲಿ ಮೇ ಲಿಂಗ್ ಮಾಡಿದ ಕೆಲಸವೂ ಸಣ್ಣದಲ್ಲ. ಮೂವರು ಹೆಂಗಸರ ಬದುಕನ್ನು ಮೂರು ಪದಕ್ಕೆ ಇಳಿಸುವುದು ನ್ಯಾಯವಲ್ಲ.

ನನ್ನ ನಿಜವಾದ ಆಕ್ಷೇಪ ಬೇರೆ. ಕಮ್ಯುನಿಸ್ಟರು ಗೆದ್ದು ಅಧಿಕಾರಕ್ಕೆ ಬಂದ 1949ರ ನಂತರ? ಚಿಯಾಂಗ್‌ಗೆ ಎದುರು ನಿಂತ ಆ ದನಿ ಎಲ್ಲಿ ಹೋಯಿತು? 1957ರಲ್ಲಿ ಬಲಪಂಥೀಯರೆಂದು ಹಣೆಪಟ್ಟಿ ಹಚ್ಚಿ ಲಕ್ಷಾಂತರ ಜನರನ್ನು ತುಳಿದಾಗ, ಮಹಾ ಜಿಗಿತ ಎಂಬ ಮಾವೋ ಯೋಜನೆಯ ಬರಗಾಲದಲ್ಲಿ ಕೋಟಿಗಟ್ಟಲೆ ಜನ ಸತ್ತಾಗ, ಉನ್ನತ ಪದವಿಯಲ್ಲಿದ್ದವರು, 1959ರಿಂದ ಗಣರಾಜ್ಯದ ಉಪಾಧ್ಯಕ್ಷೆಯೇ ಆಗಿದ್ದವರು ಏನು ಹೇಳಿದರು?

ಕರಾವಳಿ ಓದುಗಿ:

ಈ ಪ್ರಶ್ನೆ ಬರಲೇಬೇಕಿತ್ತು. ಬಹಿರಂಗವಾಗಿ ಅವರು ಅಧಿಕೃತ ನಿಲುವಿನ ವಿರುದ್ಧ ಮಾತನಾಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ಇದು ನನಗೆ ನೋವಿನ ವಿಷಯ ಕೂಡ. ಗೆಣಸು ತಿಂದ ರೈತನ ಮಗನ ಬಗ್ಗೆ ಬರೆದ ಕೈ, ರೈತರು ಹಸಿವಿನಿಂದ ಸಾಯುತ್ತಿದ್ದಾಗ ಬರೆಯಲಿಲ್ಲ.

ಆದರೆ ಒಂದು ವ್ಯತ್ಯಾಸ ಗಮನಿಸಿ. 1929ರಲ್ಲಿ ತಂತಿ ಕಳುಹಿಸಲು ಬರ್ಲಿನ್ ಇತ್ತು, ಅಚ್ಚು ಹಾಕಲು ಶಾಂಘೈನಲ್ಲಿ ವಿದೇಶಿಯರ ಪತ್ರಿಕೆಗಳಿದ್ದವು, ಪೊಲೀಸರು ಸುಲಭವಾಗಿ ಕಾಲಿಡಲಾಗದ ಫ್ರೆಂಚ್ ವಸಾಹತು ಇತ್ತು. ಚಿಯಾಂಗ್ ಕ್ರೂರಿಯಾಗಿದ್ದ, ಆದರೆ ಅವನ ಕೈ ಎಲ್ಲ ಕಡೆಗೂ ಚಾಚುತ್ತಿರಲಿಲ್ಲ. 1957ರ ಬೀಜಿಂಗ್‌ನಲ್ಲಿ ಇಂಥ ಬಿರುಕುಗಳೇ ಇರಲಿಲ್ಲ. ಮೌನವನ್ನು ಇದು ಸಮರ್ಥಿಸುವುದಿಲ್ಲ. ಅವರ ಮೊದಲಿನ ಧೈರ್ಯ ಯಾವ ನೆಲದ ಮೇಲೆ ನಿಂತಿತ್ತು ಎಂಬುದನ್ನು ತಿಳಿಸುತ್ತದೆ.

ಕೈ ಹಾಕಿದ ಕೆಲಸವೂ ಇತ್ತು. ಹಾಂಗ್‌ಕಾಂಗ್‌ನ ಸಂಘ ಯುದ್ಧದ ನಂತರ ಶಾಂಘೈನಲ್ಲಿ ಚೀನಾ ಕಲ್ಯಾಣ ನಿಧಿಯಾಯಿತು, 1947ರಲ್ಲಿ ಮಕ್ಕಳ ರಂಗಭೂಮಿಯನ್ನು ಶುರುಮಾಡಿತು, ಹೊಸ ಸರ್ಕಾರದಲ್ಲಿ ತಾಯಿ ಮಕ್ಕಳ ಆರೋಗ್ಯ ಕೇಂದ್ರಗಳನ್ನು ನಡೆಸಿತು. 1951ರಲ್ಲಿ ಸ್ಟಾಲಿನ್ ಶಾಂತಿ ಪ್ರಶಸ್ತಿ ಬಂದಾಗ ಹಣವನ್ನೆಲ್ಲ ಹೆರಿಗೆ ಆಸ್ಪತ್ರೆಗೆಂದು ಕೊಟ್ಟರು. 1955ರ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂದು ಹೋದರು.

ಸಾಂಸ್ಕೃತಿಕ ಕ್ರಾಂತಿಯಲ್ಲಿ ಆಕೆಗೂ ಏಟು ಬಿತ್ತು. 1966ರಲ್ಲಿ ಮಾವೋ ಬೆಂಬಲಿಗರಾದ ರೆಡ್ ಗಾರ್ಡ್ ಹುಡುಗರು ಶಾಂಘೈನಲ್ಲಿದ್ದ ಅವರ ತಂದೆತಾಯಿಯ ಗೋರಿಯನ್ನು ಒಡೆದರು. ಫೋಟೋ ನೋಡಿ ಆಕೆ ಅತ್ತರು. ಪ್ರಧಾನಿ ಚೌ ಎನ್ ಲಾಯ್ ಆಗಸ್ಟ್ 30ರಂದು ರಕ್ಷಿಸಬೇಕಾದವರ ಪಟ್ಟಿ ಬರೆದರು, ಮೊದಲ ಹೆಸರು ಆಕೆಯದು. ಗೋರಿಯನ್ನೂ ಮತ್ತೆ ಕಟ್ಟಿಸಲಾಯಿತು. ಹಳೆಯ ಸಹೋದ್ಯೋಗಿ, ಹಾಂಗ್‌ಕಾಂಗ್ ದಿನಗಳ ಗೆಳೆಯ ಇಸ್ರೇಲ್ ಎಪ್‌ಸ್ಟೈನ್ 1968ರಿಂದ ಐದು ವರ್ಷ ಜೈಲಿನಲ್ಲಿದ್ದರು. ಒಂದು ಕಾಲದಲ್ಲಿ ಜೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ ಹೆಂಗಸು ಈಗ ತಾನೇ ಬೇರೆಯವರ ಪಟ್ಟಿಯಲ್ಲಿ ಉಳಿದ ಹೆಸರಾಗಿದ್ದರು.

ಬಯಲುಸೀಮೆ:

ಜೈಲಿನ ಬಾಗಿಲಿನ ಮಾತು ಬಂದದ್ದರಿಂದ 1937ರ ಜುಲೈ ನೆನಪಾಯಿತು. ಜಪಾನ್ ವಿರುದ್ಧ ಒಗ್ಗಟ್ಟಿನ ಹೋರಾಟ ಬೇಕು ಎಂದದ್ದಕ್ಕೆ ಏಳು ಜನ ಬುದ್ಧಿಜೀವಿಗಳನ್ನು ಬಂಧಿಸಿದ್ದರು. ಚಿಂಗ್ ಲಿಂಗ್ ಸಂಗಡಿಗರ ಜೊತೆ ಸುಝೌ ನಗರದ ನ್ಯಾಯಾಲಯಕ್ಕೆ ಹೋಗಿ, ದೇಶವನ್ನು ಪ್ರೀತಿಸುವುದು ಅಪರಾಧವಾದರೆ ನಮ್ಮದೂ ಅದೇ ಅಪರಾಧ, ನಮ್ಮನ್ನೂ ಒಳಗೆ ಹಾಕಿ ಎಂದು ಪಟ್ಟು ಹಿಡಿದರು. ತಿಂಗಳ ಕೊನೆಗೆ ಏಳೂ ಜನ ಹೊರಬಂದರು. ಜಪಾನ್ ಯುದ್ಧ ಶುರುವಾದದ್ದೂ ಕಾರಣ, ನಿಜ. ಆದರೂ ಸರ್ಕಾರಕ್ಕೆ ಆಕೆಯನ್ನು ಒಳಗೆ ಹಾಕುವುದಕ್ಕೂ ಆಗದು, ಹೊರಗೆ ಕಳುಹಿಸುವುದಕ್ಕೂ ಆಗದು ಎಂಬ ಪರಿಸ್ಥಿತಿ.

ಸಿಂಗಪುರ ಕನ್ನಡಿಗ:

ಕೆಲಸದ ಮೇಲೆ ಶಾಂಘೈಗೆ ಹೋದಾಗ ಅವರ ಗೋರಿಯನ್ನು ನೋಡಿದ್ದೇನೆ. ನಾನ್‌ಜಿಂಗ್‌ನಲ್ಲಿ ಸನ್ ಅವರ ಪಕ್ಕದಲ್ಲಿ ಆಕೆ ಇಲ್ಲ. ಶಾಂಘೈನಲ್ಲಿ ತಂದೆತಾಯಿಯ ಗೋರಿಯ ಪಕ್ಕದಲ್ಲಿ, ನೆಲಮಟ್ಟದ ಸಾದಾ ಕಲ್ಲು. ಇನ್ನೊಂದು ಬದಿಯಲ್ಲಿ ಅಷ್ಟೇ ಅಳತೆಯ ಮತ್ತೊಂದು ಗೋರಿ, ಲೀ ಯೆನ್ ಅ ಅವರದು. ಅವರು ಐವತ್ತಕ್ಕೂ ಹೆಚ್ಚು ವರ್ಷ ಚಿಂಗ್ ಲಿಂಗ್ ಅವರ ಮನೆ ನೋಡಿಕೊಂಡವರು. 1981ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರನ್ನು ಸೂಂಗ್ ಮನೆತನದ ಜಾಗದಲ್ಲಿಯೇ ಮಣ್ಣು ಮಾಡಿಸಿದ್ದು ಚಿಂಗ್ ಲಿಂಗ್. ತನ್ನದೂ ಅದೇ ಸಾಲಿನಲ್ಲಿ ಇರಲಿ ಎಂದದ್ದೂ ಅವರೇ. ಉಪನ್ಯಾಸಕರು ನಾಯಕತ್ವದ ಅಳತೆಗೋಲು ಕೇಳಿದರು. ಗಣರಾಜ್ಯದ ಗೌರವ ಅಧ್ಯಕ್ಷೆ ಮನೆಗೆಲಸದಾಕೆಗೆ ಸಮನಾದ ಕಲ್ಲು ಹಾಕಿಸಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಿವೃತ್ತ ಉಪನ್ಯಾಸಕ:

ಇದು ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಕಮ್ಯುನಿಸ್ಟ್ ಪಕ್ಷಕ್ಕೆ ಸೇರಿಸಿಕೊಂಡದ್ದು ಕೂಡ ಅದೇ ವರ್ಷ ಅಲ್ಲವೇ? ಸಾಯುವ ಹೊತ್ತಿನಲ್ಲಿ?

ಕರಾವಳಿ ಓದುಗಿ:

ಹೌದು. 1981ರ ಮೇ 15ರಂದು ಪಕ್ಷದ ಸದಸ್ಯತ್ವ, 16ರಂದು ಗೌರವ ಅಧ್ಯಕ್ಷೆ ಪದವಿ, 29ರಂದು ಮರಣ. ರಕ್ತದ ಕ್ಯಾನ್ಸರ್ ಇತ್ತು. 1957ರಲ್ಲಿಯೇ ಪಕ್ಷದ ಹಿರಿಯ ನಾಯಕ ಲಿಯು ಷಾವ್ ಚೀ ಬಳಿ ಸದಸ್ಯತ್ವ ಕೇಳಿದ್ದರು, ಹೊರಗಿದ್ದರೇ ಹೆಚ್ಚು ಉಪಯೋಗ ಎಂಬ ಉತ್ತರ ಬಂದಿತ್ತು. ಆದ್ದರಿಂದ ಬಲವಂತದ ಮತಾಂತರ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಂತ್ಯಸಂಸ್ಕಾರಕ್ಕೆ ತಂಗಿಯನ್ನು ಕರೆದರು, ಅಮೆರಿಕದಲ್ಲಿದ್ದ ಮೇ ಲಿಂಗ್ ಬರಲಿಲ್ಲ.

ಹೊಸ ಸದಸ್ಯೆ:

ನಾನು ಪಿಯುಸಿ ವಿದ್ಯಾರ್ಥಿನಿ, ಇಡೀ ಚರ್ಚೆಯನ್ನು ಒಂದೇ ಸಲಕ್ಕೆ ಓದಿದೆ. ಅವರೇ ಬರೆದದ್ದರಲ್ಲಿ ಮೊದಲು ಯಾವುದನ್ನು ಓದಬೇಕು? ಕನ್ನಡದಲ್ಲಿ ಸಿಗುತ್ತದೆಯೇ?

ಕರಾವಳಿ ಓದುಗಿ:

ಮೊದಲು 1922ರ ಬರಹ, ಆಮೇಲೆ 1927ರ ಜುಲೈ 14ರ ಹೇಳಿಕೆ. ಎರಡೂ ಚಿಕ್ಕವು, ಇಂಗ್ಲಿಷ್ ಸರಳವಾಗಿದೆ, ನಿಮಗೆ ಕಷ್ಟವಾಗದು. ಕನ್ನಡಕ್ಕೆ ಜುಲೈ ಹೇಳಿಕೆಯನ್ನು ನಾನು ಅನುವಾದಿಸುತ್ತಿದ್ದೇನೆ. ಬಯಲುಸೀಮೆಯವರು ಒಪ್ಪಿದರೆ ಅವರಿಗೆ ಕಳುಹಿಸುತ್ತೇನೆ, ತಿದ್ದಿದ ಮೇಲೆ ಇಲ್ಲಿಯೇ ಹಾಕೋಣ.

ಬಯಲುಸೀಮೆ:

ಕಳುಹಿಸಿ ಮೇಡಂ. ಗೆಣಸಿನ ಭಾಗದಿಂದ ಶುರುಮಾಡುತ್ತೇನೆ.